ಚಿಲಕದ ಮೇಲಿನ ಕೈ

ಪುಸ್ತಕ ಓದದೆಯೇ ಅದರ ಬಗ್ಗೆ ಮಾತಾಡುವವರು ಲೋಕದಲ್ಲಿ ಬೇಕಾದಷ್ಟು ಇದ್ದಾರೆ. ಕೆಲವರಿಗೆ ಅದಕ್ಕೆ ಸಂಬಳವೂ ಬರುತ್ತದೆ. ಆದರೆ ನಮ್ಮ ಗೋಂದಣ್ಣನಷ್ಟು ಪುಸ್ತಕಗಳನ್ನು ಕೈಯಲ್ಲಿ ಹಿಡಿದೂ ಅವನಷ್ಟು ಕಡಿಮೆ ಓದಿದವರು ಸಿಗುವುದು ಕಷ್ಟ. ಹಳೆಯ ಪುಸ್ತಕಗಳನ್ನು ಬಿಚ್ಚಿ, ಹೊಲಿದು, ಹೊಸ ರಟ್ಟು ಹಾಕುವುದು ಅವನ ಕಸುಬು. ಬೆರಳ ಸಂದಿಯಲ್ಲಿ ಸದಾ ಒಣಗಿದ ಗೋಂದು ಇರುತ್ತಿದ್ದುದರಿಂದ ಬೀದಿಯವರು ಆ ಹೆಸರಿಟ್ಟರು. ನಿಜವಾದ ಹೆಸರು ಅವನ ಅಕ್ಕನಿಗೆ ಮಾತ್ರ ನೆನಪಿತ್ತು. ಅವಳೂ ಅದನ್ನು ಸಿಟ್ಟು ಬಂದಾಗ ಮಾತ್ರ ಹೊರಗೆ ತೆಗೆಯುತ್ತಿದ್ದಳು.

ಕಸುಬಿನಲ್ಲಿ ಅವನು ಗಟ್ಟಿಗನೇ. ಚಿಂದಿಯಾದ ಪುಸ್ತಕ ಕೊಟ್ಟರೆ ಮದುಮಗನ ಹಾಗೆ ಸಿಂಗರಿಸಿ ವಾಪಸು ಕೊಡುತ್ತಿದ್ದ. ಓದುವುದೆಂದರೆ ಮಾತ್ರ ಅವನಿಗೆ ಕೆಲಸಗೇಡಿತನ. “ಹೊಲಿಯುವಾಗ ಅಕ್ಷರದ ಮೇಲೆ ಕಣ್ಣು ಹೋದರೆ ಸೂಜಿ ಬೆರಳಿಗೆ ಹೋಗುತ್ತೆ” ಎನ್ನುತ್ತಿದ್ದ. ಇದನ್ನು ಒಪ್ಪೋಣ. ಆದರೆ ಯಾರಾದರೂ ಒಂದು ಪುಸ್ತಕದ ಹೆಸರು ಹೇಳಿ ‘ಓದಿದ್ದೀರಾ’ ಎಂದು ಕೇಳಿದರೆ, ಅವನು ಕಣ್ಣು ಅರೆ ಮುಚ್ಚಿ, “ಅಯ್ಯೋ, ನನ್ನ ಕೈಯಲ್ಲಿ ಹಾದು ಹೋಗದೆ ಇರೋ ಪುಸ್ತಕ ಯಾವುದಿದೆ?” ಎಂದುಬಿಡುತ್ತಿದ್ದ. ಅದು ಸುಳ್ಳಲ್ಲ, ನಿಜವೂ ಅಲ್ಲ. ಇವೆರಡರ ನಡುವಿನ ಕಿರಿದಾದ ಜಾಗದಲ್ಲಿ ಅವನು ಬಹಳ ವರ್ಷ ಸುಖವಾಗಿ ಸಂಸಾರ ಮಾಡಿಕೊಂಡಿದ್ದ.

ಸಂಸಾರ ಅಂದರೆ ಅಕ್ಕ, ತಮ್ಮ ಇಬ್ಬರೇ. ಮುಂದಿನ ಕೋಣೆಯಲ್ಲಿ ಅವನ ಮೇಜು, ಸೂಜಿ, ಗೋಂದಿನ ಡಬ್ಬಿ. ಒಳಗಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಅಕ್ಕನ ಕುರ್ಚಿ. ಅವಳು ಶರ್ಟಿನ ಅಂಗಡಿಯೊಂದಕ್ಕೆ ಗುಂಡಿ ಹೊಲಿದು ಕೊಡುತ್ತಿದ್ದಳು. ಅಕ್ಕನ ಗಂಡ ಬೇರೆ ಊರಿನಲ್ಲಿ ಕೆಲಸ ಹುಡುಕಿಕೊಂಡು ಬರುತ್ತೇನೆಂದು ಹೋದವನು, ಕೆಲಸ ಸಿಕ್ಕಿತೋ ಇಲ್ಲವೋ, ಬರಲೇ ಇಲ್ಲ. ಅವನು ಇದ್ದಾನೆ ಎನ್ನಲು ಮನುಷ್ಯ ಕಾಣುವುದಿಲ್ಲ, ಇಲ್ಲ ಎನ್ನಲು ಸುದ್ದಿ ಬಂದಿಲ್ಲ. ಇಂಥ ಹೆಂಗಸನ್ನು ಜನ ವಿಧವೆ ಎಂದು ಮರುಗುವುದಿಲ್ಲ, ಗರತಿ ಎಂದು ಕರೆಯುವುದೂ ಇಲ್ಲ. ಅವಳ ಮನೆಗೆ ಯಾರು ಬಂದು ಹೋಗುತ್ತಾರೆ ಎಂಬುದನ್ನು ಮಾತ್ರ ಶ್ರದ್ಧೆಯಿಂದ ಗಮನಿಸುತ್ತಾರೆ.

ಬಂದು ಹೋಗುತ್ತಿದ್ದವರು ಎದುರು ಸಾಲಿನ ಗಡಿಯಾರ ರಿಪೇರಿಯವರು. ಮೆಲುಮಾತಿನ ಮನುಷ್ಯ, ಮದುವೆಯಾಗಿರಲಿಲ್ಲ. ಗೋಂದಣ್ಣನ ಮನೆಯ ಗೋಡೆ ಗಡಿಯಾರ ಕೆಟ್ಟಷ್ಟು ಸಲ ಆ ಊರಿನಲ್ಲಿ ಇನ್ಯಾವ ಗಡಿಯಾರವೂ ಕೆಟ್ಟಿರಲಾರದು. ಒಮ್ಮೆ ಮುಳ್ಳು ನಿಲ್ಲುತ್ತಿತ್ತು, ಒಮ್ಮೆ ಗಂಟೆ ಬಡಿಯುತ್ತಿರಲಿಲ್ಲ, ಒಮ್ಮೆ ಬೇಡದಾಗ ಬಡಿಯುತ್ತಿತ್ತು. ಅವರು ಬಂದು ಒಯ್ಯುವರು, ರಿಪೇರಿ ಮಾಡಿ ತರುವರು, ಗೋಡೆಗೆ ತೂಗುಹಾಕುವರು, ಅಕ್ಕ ಕೊಟ್ಟ ಚಹಾ ಕುಡಿಯುವರು. ಬೀದಿಗೆಲ್ಲ ಅರ್ಥವಾಗಿತ್ತು. ಗೋಂದಣ್ಣ ಮಾತ್ರ, “ಈ ದರಿದ್ರ ಗಡಿಯಾರ ಎಸೆದು ಹೊಸದು ತಗೊಳ್ಳೋಣ ಅಕ್ಕ, ಪಾಪ ಅವರಿಗೆಷ್ಟು ತೊಂದರೆ” ಎನ್ನುತ್ತಿದ್ದ. ಅಕ್ಕ, “ಇರಲಿ ಬಿಡೋ, ಹಳೇದು” ಎನ್ನುತ್ತಿದ್ದಳು.

ಹೀಗಿರುವಾಗ ಲೈಬ್ರರಿ ಮೇಡಂ ಒಂದು ಹಳೆಯ ಕಾದಂಬರಿಯನ್ನು ತಂದು ಅವನ ಮೇಜಿನ ಮೇಲಿಟ್ಟರು. ಬಹಳ ಪ್ರಸಿದ್ಧ ಕೃತಿ ಅದು. ಎಷ್ಟು ಪ್ರಸಿದ್ಧವೆಂದರೆ ಓದುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಹಡಗಿನ ಕಪ್ತಾನನ ಹೆಂಡತಿಯೊಬ್ಬಳ ಕಥೆ. ಕಪ್ತಾನ ಸಮುದ್ರಕ್ಕೆ ಹೋದವನು ತಿರುಗಿ ಬರುವುದಿಲ್ಲ. ಊರು ಅವಳನ್ನು ಕಾಯಬೇಕೆನ್ನುತ್ತದೆ. ಅವಳಿಗೂ ದೋಣಿ ಕಟ್ಟುವ ಬಡಗಿಯೊಬ್ಬನಿಗೂ ಪ್ರೀತಿಯಾಗುತ್ತದೆ. ಊರು ಬಿಟ್ಟು ಹೋಗೋಣ ಬಾ ಎಂದು ಅವನು ಬಂದು ಬಾಗಿಲು ತಟ್ಟುತ್ತಾನೆ. ಲೈಬ್ರರಿಯಲ್ಲಿ ಅದರದು ಒಂದೇ ಪ್ರತಿ, ಅದೂ ಗಾಳಿಗೆ ಹಾರುವ ಸ್ಥಿತಿಯಲ್ಲಿ. ಓದುಗರ ಕೂಟದವರು ಆ ವರ್ಷ ಅದನ್ನೇ ಚರ್ಚೆಗೆ ಇಟ್ಟುಕೊಂಡಿದ್ದರಿಂದ ಅದಕ್ಕೆ ಹೊಸ ಜನ್ಮ ಬೇಕಾಗಿತ್ತು.

ಪುಸ್ತಕವೆಂದರೆ ಹದಿನಾರು ಪುಟಗಳ ಮಡಿಕೆಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದದ್ದು. ಆ ಮಡಿಕೆಗೆ ಕಸುಬಿನವರು ಫಾರಂ ಎನ್ನುತ್ತಾರೆ. ಗೋಂದಣ್ಣ ಫಾರಂಗಳನ್ನು ಬಿಡಿಸಿ ಬಲಗಡೆ ಪೇರಿಸಿದ್ದ. ಎಡಗಡೆ ರದ್ದಿ ಕಾಗದ. ನಡುವೆ ನಿವೃತ್ತ ಜಡ್ಜ್ ಸಾಹೇಬರ ದಪ್ಪನೆಯ ಕಾನೂನು ಪುಸ್ತಕ, ಅದೂ ಬೈಂಡಿಗೆ ಬಂದಿತ್ತು. ಅಷ್ಟರಲ್ಲಿ ಗಡಿಯಾರದವರು ಎಂದಿನಂತೆ ಗಡಿಯಾರ ಹಿಡಿದು ಬಂದರು. ಅದನ್ನಿಡಲು ಜಾಗ ಮಾಡುವ ಭರದಲ್ಲಿ ಕಾದಂಬರಿಯ ಕಟ್ಟಿನ ಮೇಲಿದ್ದ ಕೊನೆಯ ಫಾರಂ ಎತ್ತಿ ರದ್ದಿಯ ಮೇಲಿಟ್ಟರು. ಅಕ್ಕ ಚಹಾ ತಂದಳು. ಗೋಂದಣ್ಣ ಚಹಾ ಕುಡಿದು, ಕೈಗೆ ಸಿಕ್ಕ ರದ್ದಿಯನ್ನು ಎರಡು ತೆಳು ರಟ್ಟುಗಳ ನಡುವೆ ಇಟ್ಟು, ಅಂಚಿಗೆ ಗೋಂದು ಹಚ್ಚಿ, ಜಡ್ಜ್ ಸಾಹೇಬರ ಪುಸ್ತಕಕ್ಕೆ ಗಟ್ಟಿಮುಟ್ಟಾದ ಹೊದಿಕೆ ಮಾಡಿದ. ಆಮೇಲೆ ಕಾದಂಬರಿಯ ಫಾರಂಗಳನ್ನು ಎಣಿಸಿದ. ಕೊನೆಯಲ್ಲಿ ಸೇರಿಸಲು ತಾನೇ ಮಡಿಸಿಟ್ಟಿದ್ದ ಖಾಲಿ ಹಾಳೆಗಳನ್ನೂ ಲೆಕ್ಕಕ್ಕೆ ತಗೊಂಡಿದ್ದರಿಂದ ಎಣಿಕೆ ಸರಿಹೋಯಿತು.

ಓದುವವನಾಗಿದ್ದರೆ ಕಾಣುತ್ತಿತ್ತು. ಪುಸ್ತಕ ಈಗ ಮುಗಿಯುತ್ತಿದ್ದುದು ಈ ವಾಕ್ಯಕ್ಕೆ: ‘ಆಕೆ ದೀಪವನ್ನು ಕೆಳಗಿಟ್ಟು ಚಿಲಕದ ಮೇಲೆ ಕೈಯಿಟ್ಟಳು.’ ದುರದೃಷ್ಟಕ್ಕೆ ವಾಕ್ಯ ಅಲ್ಲಿ ಪೂರ್ತಿಯಾಗಿತ್ತು, ಪುಟವೂ ಪೂರ್ತಿಯಾಗಿತ್ತು. ಮುಂದಿನದು ಎರಡು ಬೆಳ್ಳನೆಯ ಖಾಲಿ ಹಾಳೆ.

ಕೂಟದವರು ಒಬ್ಬರಾದ ಮೇಲೊಬ್ಬರು ಅದನ್ನು ಓದಿ ಮುಗಿಸಿದರು. ಚರ್ಚೆಯ ದಿನ, ಬೈಂಡಿಂಗ್ ಅಷ್ಟು ಚೆನ್ನಾಗಿ ಆಗಿದೆಯೆಂದು ಮೇಡಂ ಗೋಂದಣ್ಣನನ್ನೂ ಕರೆದರು. ಅವನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಉಗುರಿನ ಗೋಂದು ಕೆರೆದು ತೆಗೆದು, ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಕುರ್ಚಿಯ ತುದಿಯಲ್ಲಿ ಕೂತ.

“ಚಿಲಕ ಭದ್ರವಾಗಿ ಹಾಕಿದಳು” ಎಂದು ಜಡ್ಜ್ ಸಾಹೇಬರು ತೀರ್ಪು ಕೊಟ್ಟರು. ತೀರ್ಪಿನ ಜೊತೆ ತಮ್ಮ ಕಾನೂನು ಪುಸ್ತಕದಿಂದ ಮೇಜನ್ನು ಕುಟ್ಟಿದರು. ಅದಕ್ಕೆಂದೇ ಅದನ್ನು ಹೋದಲ್ಲೆಲ್ಲ ಒಯ್ಯುತ್ತಿದ್ದರು. “ಗಂಡ ಸತ್ತಿದ್ದಕ್ಕೆ ಸಾಕ್ಷಿ ಇಲ್ಲ. ಮದುವೆ ಊರ್ಜಿತದಲ್ಲಿದೆ. ಇನ್ನೇನು ಮಾಡ್ತಾಳೆ?”

“ತೆಗೆದಳು” ಎಂದರು ಹಲ್ಲಿನ ಡಾಕ್ಟರಮ್ಮ. “ನೋಯೋ ಹಲ್ಲನ್ನ ಬಾಯಲ್ಲಿಟ್ಟುಕೊಂಡು ಎಷ್ಟು ದಿನ ಅಂತ ಕೂರ್ತಾರೆ? ನನ್ನ ಹತ್ತಿರ ಬಂದೇ ಬರ್ತಾರೆ.”

“ಅವಳು ನಿಮ್ಮ ಹತ್ತಿರ ಬಂದಿಲ್ಲ ತಾಯಿ, ಬಾಗಿಲ ಹತ್ತಿರ ಹೋಗಿದ್ದಾಳೆ” ಎಂದರು ಜಡ್ಜ್ ಸಾಹೇಬರು.

“ಇಬ್ಬರದೂ ತಪ್ಪು” ಎಂದು ಕಾಲೇಜಿನ ಮೇಷ್ಟ್ರು ಗಡ್ಡ ನೀವಿಕೊಂಡರು. ಅವರು ವಿದ್ಯಾರ್ಥಿಯಾಗಿದ್ದಾಗಲೇ ಈ ಕಾದಂಬರಿ ಓದಿದ್ದರಂತೆ. ಓದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. “ಅವಳು ಚಿಲಕ ಹಾಕೋದೂ ಇಲ್ಲ, ತೆಗೆಯೋದೂ ಇಲ್ಲ. ಕೈ ಇಡ್ತಾಳೆ, ಅಷ್ಟೇ. ಆಮೇಲೆ ಲೇಖಕರು ಎರಡು ಖಾಲಿ ಹಾಳೆ ಬಿಟ್ಟಿದ್ದಾರೆ, ಗಮನಿಸಿದ್ರಾ? ಇಡೀ ಕಾದಂಬರಿಯ ಅರ್ಥ ಆ ಎರಡು ಹಾಳೆಯಲ್ಲಿದೆ. ನಾನು ಅದರ ಮೇಲೆ ಒಂದು ಲೇಖನ ಬರೀತಿದ್ದೀನಿ.”

“ಒಳ್ಳೆ ದಪ್ಪ ಹಾಳೆ ಸಾರ್” ಎಂದ ಗೋಂದಣ್ಣ, ಸಂಕೋಚದಿಂದ.

“ನೋಡಿ, ಇವರಿಗೂ ಅನ್ನಿಸಿದೆ” ಎಂದರು ಮೇಷ್ಟ್ರು.

ಎಲ್ಲರ ದೃಷ್ಟಿ ಅವನ ಮೇಲೆ ಬಿತ್ತು. “ನೀವೇ ಹೇಳಿ ಗೋಂದಣ್ಣ” ಎಂದರು ಜಡ್ಜ್ ಸಾಹೇಬರು. “ನಿಮ್ಮ ಕೈಯಲ್ಲೇ ರೂಪ ತಗೊಂಡ ಪುಸ್ತಕ. ಓದಿರ್ತೀರಲ್ಲ. ಏನು ಮಾಡಿದಳು?”

‘ಓದಿಲ್ಲ ಸಾರ್’ ಎನ್ನಲು ಎರಡೇ ಮಾತು ಸಾಕಿತ್ತು. ಆದರೆ ಜಡ್ಜ್ ಸಾಹೇಬರ ಮನೆಯಲ್ಲಿ ಬೈಂಡಿಗೆ ಬರಬೇಕಾದ ಪುಸ್ತಕಗಳು ಇನ್ನೂ ಒಂದು ಬೀರು ತುಂಬ ಇದ್ದವು. “ಚಿಲಕ ಹಾಕಿದಳು ಸಾರ್” ಎಂದ ಗೋಂದಣ್ಣ.

“ಯಾಕೆ?”

“ಹಾಕದೆ ಇದ್ದರೆ ಪುಸ್ತಕ ಮುಗಿಯೋದಿಲ್ಲವಲ್ಲ.”

ಮೇಷ್ಟ್ರು ಅದನ್ನು ಬರೆದುಕೊಂಡರು. ಜಡ್ಜ್ ಸಾಹೇಬರು ಮೇಜು ಕುಟ್ಟಿ, ಇನ್ನು ಮುಂದೆ ಗೋಂದಣ್ಣ ಕೂಟದ ಸದಸ್ಯನೆಂದು ಘೋಷಿಸಿದರು. ಅವನು ಮನೆಗೆ ಹೋಗುವಾಗ ನೆಲದ ಮೇಲೆ ಕಾಲಿಟ್ಟು ನಡೆದನೆಂದು ನಾನು ಹೇಳಲಾರೆ.

ಅದೇ ತಿಂಗಳು ಗಡಿಯಾರದವರಿಗೆ ದೂರದ ಊರಿನಿಂದ ಕರೆ ಬಂತು. ರೈಲು ನಿಲ್ದಾಣಗಳ ಗಡಿಯಾರ ನೋಡಿಕೊಳ್ಳುವ ಕೆಲಸ, ಇರಲು ಮನೆಯೂ ಉಂಟು. ಒಂದು ಮಧ್ಯಾಹ್ನ, ಗೋಂದಣ್ಣ ಕಾಗದ ತರಲು ಹೋಗಿದ್ದಾಗ, ಅವರು ಅಕ್ಕನಿಗೆ ಸೀದಾ ಹೇಳಿದರು: “ನನ್ನ ಜೊತೆ ಬನ್ನಿ. ಅಲ್ಲಿ ನಮ್ಮನ್ನ ಯಾರೂ ಕೇಳೋದಿಲ್ಲ. ಕೇಳಿದರೂ ನಾನು ಹೇಳ್ತೀನಿ.” ಅಕ್ಕ ಯೋಚಿಸಲು ಸಮಯ ಕೇಳಿದಳು. ತಿಂಗಳ ಕೊನೆಗೆ ಅವರು ಹೊರಡುವವರಿದ್ದರು. ಯೋಚಿಸುವ ದಿನಗಳಲ್ಲಿ ಅವಳು ಲೈಬ್ರರಿಯಿಂದ ಆ ಕಾದಂಬರಿ ತಂದು ಓದಿದಳು.

“ಆ ಪುಸ್ತಕ ಮುಗೀತು ಕಣೋ” ಎಂದಳು ಒಂದು ಸಂಜೆ, ಶರ್ಟಿಗೆ ಗುಂಡಿ ಹೊಲಿಯುತ್ತ.

“ಹೊಲಿಗೆ ಎಲ್ಲೂ ಸಡಿಲ ಆಗಿಲ್ಲ ತಾನೇ?”

“ಹೊಲಿಗೆ ಚೆನ್ನಾಗಿದೆ. ಕೊನೇಲಿ ಅವಳು ಏನು ಮಾಡಿದಳು ಅನ್ನೋದೇ ತಿಳೀಲಿಲ್ಲ. ನೀನು ಏನಂತೀಯಾ?”

ಕೂಟದ ಹೊಸ ಸದಸ್ಯನಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಎಲ್ಲಿ ಸಿಗಬೇಕು? ಅವನು ಎದ್ದು ನಿಂತ. “ಚಿಲಕ ಹಾಕಿದಳು. ಅದರಲ್ಲಿ ಅನುಮಾನವೇ ಇಲ್ಲ. ಜಡ್ಜ್ ಸಾಹೇಬರು ಏನಂದ್ರು ಅಂದರೆ…”

“ಅವರು ಇರಲಿ. ನೀನು?”

“ನಾನೂ ಅದೇ. ಮದುವೆ ಊರ್ಜಿತದಲ್ಲಿದೆ ಅಕ್ಕ. ಗಂಡ ಇವತ್ತಲ್ಲ ನಾಳೆ ಬಂದರೆ? ಬಾಗಿಲು ತೆಗೆದು ಹೋಗಿಬಿಟ್ಟರೆ ಊರು ಏನನ್ನುತ್ತೆ? ಹಿಂದೆ ಉಳಿದವರು ಬೀದೀಲಿ ತಲೆ ಎತ್ತಿ ಓಡಾಡೋದು ಹೇಗೆ?”

“ಹಿಂದೆ ಉಳಿಯೋರು ಯಾರೋ? ಪುಸ್ತಕದಲ್ಲಿ ಅವಳಿಗೆ ಯಾರೂ ಇಲ್ಲವಲ್ಲ.”

ಇದು ಗೋಂದಣ್ಣನಿಗೆ ಗೊತ್ತಿರಲಿಲ್ಲ. ಆದರೆ ಅಷ್ಟು ಎತ್ತರ ಹತ್ತಿದ ಮೇಲೆ ಇಳಿಯುವುದು ಹೇಗೆ? “ಇರ್ತಾರೆ” ಎಂದ. “ತಮ್ಮನೋ ಗಿಮ್ಮನೋ, ಯಾರಾದರೂ ಇದ್ದೇ ಇರ್ತಾರೆ. ಬರೆಯೋರು ಬರೆಯೋಕೆ ಮರೆತಿರಬೇಕು.”

ಅಕ್ಕ ಹಲ್ಲಿನಿಂದ ದಾರ ಕಡಿದಳು. “ಹೂಂ. ಅವನೂ ಇರ್ತಾನೆ” ಎಂದು ಇನ್ನೊಂದು ಶರ್ಟು ತೆಗೆದುಕೊಂಡಳು.

ನಿಮಗೆ ಅರ್ಥವಾಯಿತು. ಬೀದಿಯವರಿಗೂ ಅರ್ಥವಾಗುತ್ತಿತ್ತು. ಗೋಂದಣ್ಣ ಮಾತ್ರ ತನ್ನ ವಾದದ ಬಿಗಿಯನ್ನು ತಾನೇ ಮೆಚ್ಚಿಕೊಂಡು ಊಟಕ್ಕೆ ಕೂತ.

ಅಂದಿನಿಂದ ಗಡಿಯಾರ ಕೆಡುವುದು ನಿಂತಿತು. ಮುಳ್ಳು ತಪ್ಪದೆ ತಿರುಗಿತು, ಗಂಟೆ ಹೊತ್ತಿಗೆ ಸರಿಯಾಗಿ ಬಡಿಯಿತು. ಗೋಂದಣ್ಣನಿಗೆ ಬಹಳ ಸಮಾಧಾನವಾಯಿತು. ಗಡಿಯಾರದವರು ಎರಡು ಸಲ ಬಂದಾಗಲೂ ಅಕ್ಕ ಒಳಗಿನಿಂದ ಹೊರಗೆ ಬರಲಿಲ್ಲ, ತಲೆನೋವೆಂದಳು. ಹೊರಡುವ ದಿನ ಬೆಳಗ್ಗೆ ಅವರು ಪೆಟ್ಟಿಗೆಯನ್ನು ಬಾಗಿಲಲ್ಲಿಟ್ಟು, ಮುಂದಿನ ಕೋಣೆಗೆ ಬಂದು ನಿಂತರು.

“ನಿಮ್ಮ ಅಕ್ಕ ಏನಾದರೂ ಹೇಳಿದರಾ?”

“ಹೇಳಿದಳಲ್ಲ” ಎಂದ ಗೋಂದಣ್ಣ, ಗೋಂದು ಕಲಸುತ್ತ. “ಗಡಿಯಾರ ಈಗ ಸರಿಯಾಗಿದೆ, ಇನ್ನು ಅವರು ಬರೋ ತೊಂದರೆ ತಗೊಳ್ಳೋದು ಬೇಡ ಅಂದಳು.”

“ಸರಿಯಾಗಿ ನಡೀತಿದೆಯಾ?”

“ಒಂದು ನಿಮಿಷ ಹಿಂದೆ ಮುಂದೆ ಇಲ್ಲ. ಎಲ್ಲ ನಿಮ್ಮ ಕೈಗುಣ.”

ಅವರು ಗೋಡೆಯ ಗಡಿಯಾರವನ್ನು ನೋಡಿದರು. ತಮ್ಮ ಕೈಗಡಿಯಾರವನ್ನೂ ನೋಡಿಕೊಂಡರು. “ಹೌದು, ಸರಿಯಾಗಿದೆ” ಎಂದು ಪೆಟ್ಟಿಗೆ ಎತ್ತಿಕೊಂಡು ಹೋದರು. ಇಂಥ ಒಳ್ಳೆಯ ಕೆಲಸಗಾರ ಊರು ಬಿಟ್ಟನಲ್ಲ ಎಂದು ಗೋಂದಣ್ಣ ಆ ದಿನವೆಲ್ಲ ಪೇಚಾಡಿದ. ಅಕ್ಕ ಅವತ್ತು ತಪ್ಪು ಶರ್ಟಿಗೆ ತಪ್ಪು ಗುಂಡಿ ಹೊಲಿದು, ಅಂಗಡಿಯವರಿಂದ ಬೈಸಿಕೊಂಡಳು.

ವರ್ಷ ಕಳೆದು ಇನ್ನಷ್ಟು ದಿನಗಳಾಗಿರಬೇಕು. ಜಡ್ಜ್ ಸಾಹೇಬರು ಕೂಟದಲ್ಲಿ ಕೊಟ್ಟ ತೀರ್ಪುಗಳ ಏಟಿಗೆ ಅವರ ಕಾನೂನು ಪುಸ್ತಕದ ರಟ್ಟು ಬಿರಿಯಿತು. “ಏನಯ್ಯಾ, ಇಷ್ಟು ಬೇಗ?” ಎಂದು ಅದನ್ನು ಗೋಂದಣ್ಣನ ಮೇಜಿನ ಮೇಲೆ ಹಾಕಿ ಹೋದರು. ಅವನು ರಟ್ಟನ್ನು ಸೀಳಿದರೆ, ಒಳಗೆ ಒಂದು ಇಡೀ ಫಾರಂ ಬೆಚ್ಚಗೆ ಮಲಗಿತ್ತು. ಹಳೆಯ ಕಾಗದ, ಹಳೆಯ ಅಚ್ಚು. ಆ ಕಾದಂಬರಿಯದೆಂದು ಗುರುತು ಸಿಕ್ಕಿತು. ಅವನು ಗಾಬರಿಯಿಂದ ಎದ್ದುಬಿಟ್ಟ. ಓದಿ ಅಲ್ಲ, ಬೈಂಡಿಂಗ್‌ನವನೊಬ್ಬ ಫಾರಂ ಕಳೆದ ಎಂದರೆ ಆ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಅದೃಷ್ಟಕ್ಕೆ ಅಂದು ಭಾನುವಾರ, ಕೂಟ ಸೇರುವ ದಿನ. ಅವನು ಫಾರಂ ಹಿಡಿದು ಓಡಿದ. ನಡೆದದ್ದನ್ನೆಲ್ಲ ಹೇಳಿ ಕೈಮುಗಿದ.

ಯಾರೂ ಬೈಯಲಿಲ್ಲ. ಯಾರೂ ನಂಬಲೂ ಇಲ್ಲ. ಲೈಬ್ರರಿ ಮೇಡಂ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದತೊಡಗಿದರು. “‘ಚಿಲಕ ತಣ್ಣಗಿತ್ತು. ಆಕೆ ಅದನ್ನು ತೆಗೆದಳು.’”

ಆ ಕಾದಂಬರಿಯ ಒಂದು ಭಾಗವನ್ನು ಗೋಂದಣ್ಣ ಕೇಳಿದ್ದು ಅದೇ ಮೊದಲು. ಅವಳು ಬಾಗಿಲು ತೆಗೆಯುತ್ತಾಳೆ. ಬಡಗಿ ಕಾದು ಸಾಕಾಗಿ ದೋಣಿಯ ಕಡೆ ಹೊರಟಿರುತ್ತಾನೆ. ಅವಳು ಬರಿಗಾಲಲ್ಲಿ ಓಡಿ ಅವನನ್ನು ಸೇರುತ್ತಾಳೆ. ಇಬ್ಬರೂ ಆಚೆ ದಡದಲ್ಲಿ ಮನೆ ಮಾಡುತ್ತಾರೆ. ಅವರು ಬಿಟ್ಟು ಬಂದ ಊರು ಒಂದು ಚಳಿಗಾಲ ಪೂರ್ತಿ ಅವರನ್ನು ಆಡಿಕೊಳ್ಳುತ್ತದೆ. ಅಷ್ಟರಲ್ಲಿ ಸಂತೆಕಟ್ಟೆಯ ಸೂರು ಕುಸಿಯುತ್ತದೆ, ಊರು ಅದನ್ನು ಆಡಿಕೊಳ್ಳತೊಡಗುತ್ತದೆ. ಕಪ್ತಾನ ಬರುವುದೇ ಇಲ್ಲ. ಕೊನೆಯ ಪುಟದಲ್ಲಿ ಅವಳಿಗೆ ತಲೆ ನೆರೆತಿರುತ್ತದೆ, ಮತ್ತು ಅವಳು ಬಡಗಿಯ ಅಂಗಿ ಒಣಹಾಕುತ್ತ, ತಾನು ಹೆದರಿದ್ದು ಯಾವುದಕ್ಕೆಂದು ನೆನಪು ಮಾಡಿಕೊಳ್ಳಲು ನೋಡುತ್ತಾಳೆ, ನೆನಪಾಗುವುದಿಲ್ಲ.

“ಪ್ರಕ್ಷಿಪ್ತ” ಎಂದರು ಮೇಷ್ಟ್ರು ತಕ್ಷಣ. “ಯಾರೋ ಆಮೇಲೆ ಸೇರಿಸಿದ್ದು. ನನ್ನ ಲೇಖನ ಅಚ್ಚಾಗಿ ಬಂದಿದೆ. ಖಾಲಿ ಹಾಳೆಯೇ ಮೂಲ ಪಾಠ.”

“ಮುಗಿದ ಮೊಕದ್ದಮೆ” ಎಂದರು ಜಡ್ಜ್ ಸಾಹೇಬರು. ಕುಟ್ಟಲು ಪುಸ್ತಕವಿಲ್ಲದೆ ಬರಿಗೈಯಿಂದಲೇ ಕುಟ್ಟಿ ನೋವು ಮಾಡಿಕೊಂಡರು. “ಹೊಸ ಸಾಕ್ಷ್ಯ ಈಗ ತಗೊಳ್ಳೋಕಾಗಲ್ಲ.”

ಗೆದ್ದವರು ಡಾಕ್ಟರಮ್ಮ. ಅವರ ಮುಖವೂ ಸಪ್ಪಗಿತ್ತು. “ತೆಗೀತಾಳೆ ಅಂದಿದ್ದು ನಿಜ. ಆದರೆ ತೆಗೆದು ಇಷ್ಟು ಸುಖವಾಗಿರ್ತಾಳೆ ಅಂತ ನಾನೆಲ್ಲಿ ಅಂದೆ? ಇದು ಸ್ವಲ್ಪ ಅತಿಯಾಯ್ತು.”

ಪುಸ್ತಕ ಈಗಿರುವಂತೆಯೇ ಇರಲೆಂದು ಕೂಟ ತೀರ್ಮಾನಿಸಿ, ಫಾರಂ ಅವನ ಕೈಗೆ ವಾಪಸು ಕೊಟ್ಟಿತು. ಗೋಂದಣ್ಣ ಅದನ್ನು ಹಿಡಿದು ಮನೆಯ ದಾರಿ ಹಿಡಿದ. ಗಡಿಯಾರದವರ ಅಂಗಡಿ ಇದ್ದ ಜಾಗದಲ್ಲಿ ಈಗ ಚಪ್ಪಲಿ ಅಂಗಡಿ. ಅದರ ಎದುರಿಗೆ ಬಂದಾಗ ಅವನ ಕಾಲು ನಿಂತಿತು. ಗಡಿಯಾರ ಅಷ್ಟು ಸಲ ಕೆಟ್ಟದ್ದು, ಆಮೇಲೆ ಒಮ್ಮೆಲೇ ಸರಿಹೋದದ್ದು, ಅಕ್ಕನ ತಲೆನೋವು, ಪೆಟ್ಟಿಗೆ ಹಿಡಿದು ನಿಂತ ಮನುಷ್ಯ, ತಾನು ನಿಂತು ಮಾಡಿದ ಭಾಷಣ, ಎಲ್ಲ ಒಂದರ ಹಿಂದೊಂದು ಬಂದವು. ಬೀದಿಗೆಲ್ಲ ಯಾವತ್ತೋ ತಿಳಿದಿದ್ದ ವಿಷಯ ಅವನಿಗೆ ಆ ಚಪ್ಪಲಿ ಅಂಗಡಿಯ ಮುಂದೆ ತಿಳಿಯಿತು. ಅಂಗಡಿಯವನು “ಯಾವ ಸೈಜು ಬೇಕು?” ಎಂದು ಕೇಳುವಷ್ಟರಲ್ಲಿ ಅವನು ಮನೆಯ ಕಡೆ ಹೊರಟಿದ್ದ.

ಅಕ್ಕ ಕಿಟಕಿಯ ಪಕ್ಕದಲ್ಲಿದ್ದಳು. ಅವನು ಫಾರಂ ಕೊಟ್ಟ. ಅವಳು ಪೂರ್ತಿ ಓದಿದಳು, ಆತುರವಿಲ್ಲದೆ. ಬಿಸಿಲು ಅವಳ ಮಡಿಲಿನಿಂದ ನೆಲಕ್ಕಿಳಿಯಿತು. ಗೋಂದಣ್ಣ ಬಾಗಿಲಿಗೆ ಒರಗಿ ನಿಂತೇ ಇದ್ದ.

“ಚೆನ್ನಾಗಿದೆ” ಎಂದಳು.

“ನಾಳೆ ಬೆಳಗ್ಗೆ ರೈಲಿದೆ ಅಕ್ಕ. ಆ ಊರಿಗೆ ಹೋಗಿ ನಾನೇ ಅವರನ್ನ ಕರ್ಕೊಂಡು ಬರ್ತೀನಿ. ಕಾಲು ಹಿಡೀತೀನಿ.”

“ಬೇಡ. ಅವರಿಗೆ ಮದುವೆ ಆಯ್ತಂತೆ. ಶರ್ಟಿನ ಅಂಗಡಿಯವರು ಅಲ್ಲಿಗೆ ಹೋಗಿ ಬಂದರು, ಹೇಳಿದರು. ಒಳ್ಳೆ ಹೆಂಗಸಂತೆ.”

ಗೋಂದಣ್ಣ ನೆಲದ ಮೇಲೆ ಕೂತ. ಅಳು ಬಂತು, ದೊಡ್ಡ ಗಂಡಸು, ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡು ಅತ್ತ. “ನಾನು ಅದನ್ನ ಓದಿರಲಿಲ್ಲ ಅಕ್ಕ. ಒಂದು ಸಾಲೂ ಓದಿರಲಿಲ್ಲ. ಜಡ್ಜ್ ಸಾಹೇಬರು ಅಂದಿದ್ದನ್ನೇ ಅಂದುಬಿಟ್ಟೆ.”

“ನೀನು ಓದಲ್ಲ ಅಂತ ನಂಗೆ ಗೊತ್ತಿಲ್ವೇನೋ?” ಎಂದಳು ಅಕ್ಕ. “ಚಿಕ್ಕವನಿದ್ದಾಗ ನಿನ್ನ ಪಾಠ ಎಲ್ಲ ಓದಿ ಹೇಳಿದ್ದು ಯಾರು? ನಾನು ನಿನ್ನ ಕೇಳಿದ್ದು ಪುಸ್ತಕದ ವಿಷಯ ಅಲ್ಲ.”

ಅವನು ತಲೆ ಎತ್ತಿದ. ಏನಾದರೂ ಸಮಾಧಾನ ಹೇಳಬೇಕಿತ್ತು. ಅಕ್ಕನಿಗೆ ಇಷ್ಟಾದರೂ ತಿಳಿಯಲಿ ಎಂದು, ಜೀವನದಲ್ಲಿ ಮೊದಲ ಸಲ ಯಾರಿಂದಲೂ ಎರವಲು ತರದ ಒಂದು ಮಾತು ಆಡಿದ. “ಸೀದಾ ಕೇಳಿದ್ದರೆ ಹೋಗು ಅಂತಿದ್ದೆ ಅಕ್ಕ. ದೇವರಾಣೆಗೂ. ನಾನೇ ನಿನ್ನ ಸಾಮಾನು ಹೊತ್ತು ಸ್ಟೇಷನ್ನಿಗೆ ಬಿಟ್ಟು ಬರ್ತಿದ್ದೆ. ಅವರು ನಂಗೆ ಎಷ್ಟು ಇಷ್ಟ ಅಂತ ನಿಂಗೂ ಗೊತ್ತು.”

ಅಕ್ಕ ಫಾರಂ ಮಡಿಲಿಗೆ ಇಳಿಸಿದಳು. ಅಷ್ಟು ಹೊತ್ತು ನೆಟ್ಟಗಿದ್ದ ಅವಳ ಮುಖ ಆಗ ಕುಸಿಯಿತು.

“ಇದೊಂದು ಹೇಳಬಾರದಿತ್ತು ಕಣೋ” ಎಂದಳು. “ನೀನು ಬೇಡ ಅಂತಿದ್ದೆ, ನೀನು ಖಂಡಿತ ಬೇಡ ಅಂತಿದ್ದೆ ಅಂದುಕೊಂಡೇ ಇಷ್ಟು ದಿನ ಕಳೆದಿದ್ದೆ.”